ಅರ್ಧ ಆಟಕ್ಕ ಹಳೇ ಕಾಯ್ದೆ, ಅರ್ಧಕ್ಕ ಹೊಸಾದು

ಹೋದ ತಿಂಗಳ ಅಫಜಲಪುರದಾಗ ನನ್ನ ಚಪ್ಪಲಿ ಕಿತ್ತಿತು. ಮದುವೀಗಂತ ಹೋದಾಂವ, ಬೀಗರ ಮುಂದ ಬರಿಗಾಲಿಲೆ ನಿಲ್ಲೂದು ಹ್ಯಾಂಗ ಅಂತ ಬಸ್ ನಿಲ್ದಾಣದ ಎದುರಿಗೆ ಚಪ್ಪಲಿ ಹೊಲಿಯುವವನ ಹತ್ತಿರ ಹೋಗಿ ಕುಂತೆ. ಅಂವ ಒಂದು ತುಂಡು ಚರ್ಮ ನೀರಾಗ ನೆನಸಿ, ಬಟ್ಟಲದಾಗಿನ ಕುಸುಬಿ ಎಣ್ಣಿಯೊಳಗ ಬೆರಳು ಅದ್ದಿ ತಿಕ್ಕಾಕತ್ತಿದ. ಆ ವಾಸನಿ ಮೂಗಿಗೆ ಬಡೀತು ನೋಡ್ರಿ, ನನಗ ಮದುವೀನೂ ಮರತುಹೋತು, ಬೀಗರೂ ಮರತುಹೋದರು.

"ಏನ್ರಿ ಅಜ್ಜಾ, ಆರಾಮಿಲ್ಲೇನು?" ಅಂದ ಆ ಮನುಷ್ಯ.

"ಆರಾಮ ಇದ್ದೇನಪ್ಪಾ, ನೀ ಹೊಲಿ" ಅಂದೆ.

ಆರಾಮ ಏನು ಮಣ್ಣು. ಆಳಂದದ ಹೈಸ್ಕೂಲಿನ ಚರ್ಮದ ಚೆಂಡಿಗೆ ಇದೇ ಎಣ್ಣಿ ತಿಕ್ಕತಿದ್ದಿವಿ, ಶನಿವಾರಕ್ಕೊಮ್ಮೆ. ತಿಕ್ಕೂ ಕೆಲಸ ನನ್ನದು. ಚರ್ಮದ ಕೆಲಸ ನನಗ ಬಿಟ್ಟು ಯಾರಿಗೆ ಹೇಳತಾರ?

ಹಿರೋಳ್ಳಿಯವ ನಾನು. ನಮ್ಮ ಮನಿ ಊರ ಹೊರಗಿನ ಕೇರ್ಯಾಗ. ಊರವರು ನಮ್ಮನ್ನ ಮುಟ್ಟತಿರಲಿಲ್ಲ. ಅಷ್ಟು ಹೇಳಿದರ ಉಳಿದದ್ದು ನಿಮಗ ತಿಳೀತದ. ಅಪ್ಪ ಹಟ ಹಿಡದು ನನ್ನನ್ನ ಆಳಂದದ ಸಾಲಿಗೆ ಹಚ್ಚಿದ. ನಿಜಾಮರ ರಾಜ್ಯ, ಪಾಠ ಎಲ್ಲಾ ಉರ್ದೂದಾಗ. ದೂರ ಎಲ್ಲೋ ದೊಡ್ಡ ಲಡಾಯಿ ನಡದಿತ್ತು. ನಮಗ ಗೊತ್ತಿದ್ದ ಲಡಾಯಿ ಅಂದರ ಚಿಮಣಿ ಎಣ್ಣಿ ಸಿಗದೇ ಇದ್ದದ್ದು ಅಷ್ಟೇ.

ಆಳಂದದಾಗ ದೊಡ್ಡವ್ವನ ಮನ್ಯಾಗ ಇದ್ದೆ. ಆಕಿ ಗಂಡ ಸತ್ತಾಕಿ, ನಸುಕಿನ್ಯಾಗ ಕೂಲಿಗೆ ಹೋದರ ದೀಪ ಹಚ್ಚೂ ಹೊತ್ತಿಗೆ ಬರತಿದ್ದಳು. ಬಂದು ಎರಡು ರೊಟ್ಟಿ ಬಡದು, ನನಗ ಹಾಕಿ, ತಾನೂ ಉಂಡು, ಗೋಡಿಗೆ ಬೆನ್ನು ಹಚ್ಚಿ ಕುಂತಲ್ಲೇ ನಿದ್ದಿ ಹೋಗತಿದ್ದಳು. ಆಕಿದು ತಪ್ಪಲ್ಲ, ದಿನಾ ಮೈ ಮುರದು ದುಡದು ಬರೂ ಹೆಣ್ಣಮಗಳು. ಆದರ ನನಗ ಮಾತಾಡಾಕ ಯಾರೂ ಇರಲಿಲ್ಲ. ಸಾಲ್ಯಾಗೂ ಅದೇ ಹಣೇಬಾರ. ಬಾಗಿಲ ಕಡೆ ಹಿಂದಿನ ಬೆಂಚು, ನಾಕು ಮಂದಿ ಕೂಡೂದು, ನನಗೊಬ್ಬನಿಗೇ. ಹೊಸಾ ಮಾಸ್ತರ ಯಾರರ ಬಂದರ "ಇಡೀ ಬೆಂಚು ನಿನ್ನ ಜಹಗೀರೇನೋ ನವಾಬಾ?" ಅಂತಿದ್ದರು. ಹುಡುಗರು ನಗತಿದ್ದರು. ನಾನೂ ನಗತಿದ್ದೆ, ಏನ್ ಮಾಡೋದು.

ಒಂದೊಂದು ವಾರ ಪೂರಾ ಯಾರ ಜೋಡೀನೂ ಮಾತಾಡದೇ ಕಳದದ್ದು ಅದ. ಹಾಜರಿ ಕರದಾಗ "ಹಾಜಿರ್ ಜನಾಬ್" ಅನ್ನೂದು ಮಾತು ಅಂತ ಹಿಡದರ, ಆ ಮಾತು ಬ್ಯಾರೆ.

ದೇವರು ನನಗ ಕೈ ಎತ್ತಿ ಕೊಟ್ಟದ್ದು ಒಂದೇ, ಎತ್ತರ. ದೊಡ್ಡವ್ವನ ಬಾಗಿಲದಾಗ ಬಗ್ಗಿ ಬಗ್ಗಿ ಹೋಗೂದು ಮರತರ ಹಣಿ ಒಡಕೋತಿದ್ದೆ. ಒಂದು ದಿನ ಸಾಲಿ ಗಂಟಿ ಕಟ್ಟಿದ ಹಗ್ಗ ಹರೀತು. ಗಂಟಿ ಇದ್ದದ್ದು ಬೇವಿನ ಗಿಡದ ಟೊಂಗೀಗೆ. ಜವಾನ ನಿಚ್ಚಣಿಕಿ ಹುಡಕೋತ ಹೋಗಿದ್ದ. ನಾನು ಅಲ್ಲೇ ನಿಂತಿದ್ದೆ, ಒಮ್ಮೆ ಜಿಗದು ಟೊಂಗಿ ಹಿಡದು, ಹಗ್ಗ ಸುತ್ತಿ ಗಂಟು ಹಾಕಿ ಇಳದೆ. ಹಿಂದಿಂದ ಧ್ವನಿ ಬಂತು:

"ಅರೆ! ಏ ಲಂಬ್ಯಾ! ಬಾ ಇಲ್ಲಿ."

ಡ್ರಿಲ್ ಮಾಸ್ತರ ಕರೀಂ ಸಾಹೇಬ್ರು, ನನ್ನ ಉದ್ದ ನೋಡಿ ಲಂಬ್ಯಾ ಅಂದಿದ್ದರು. ಗಿಡ್ಡ ಆಳು, ಮೀಸಿ ಮಾತ್ರ ಇಬ್ಬರಿಗಾಗೂವಷ್ಟು. ಕೊಳ್ಳಾಗ ಯಾವಾಗಲೂ ಸೀಟಿ.

"ಹೆಸರೇನು?"

"ಮರೆಪ್ಪರೀ."

"ಮತ್ತೊಮ್ಮೆ ಜಿಗಿ."

ಜಿಗದೆ.

"ಸಂಜೀಕ ಮೈದಾನಕ್ಕ ಬಾ."

"ಸಾಹೇಬ್ರ, ನಾ..." ಅಂತ ಕೇರಿ ಹೇಳಾಕ ಬಾಯಿ ತೆಗದೆ.

"ಮಾಲೂಮ್ ಅದಲೇ. ನಾ ನಿನ್ನ ಕೇರಿ ಕೇಳಲಿಲ್ಲ, ಜಿಗಿ ಅಂದೆ" ಅಂದು ಹೋಗೇಬಿಟ್ಟರು.

ಬಾಸ್ಕೆಟ್‌ಬಾಲ್ ಅಂದರ ಊರ ಮಂದೀಗೆ ತಿಳೀತಿರಲಿಲ್ಲ, ಬುಟ್ಟಿ ಚೆಂಡು ಅಂತಿದ್ದರು. ಎರಡೂ ಕಡೆ ಕಂಬ, ಕಂಬಕ್ಕ ಹಲಗಿ, ಹಲಗೀಗೆ ಬಂಡಿ ಗಾಲಿಯ ಹಳಿ ಬಡದು ಮಾಡಿದ ಕಬ್ಬಿಣದ ಬಳಿ. ಬಳಿಯೊಳಗ ಚೆಂಡು ಬಿದ್ದರ ಒಂದು ಬುಟ್ಟಿ ಆದಂಗ. ಆಗಿನ ಕಾಯ್ದೆ ಹ್ಯಾಂಗಿತ್ತಂದರ, ಪ್ರತಿ ಬುಟ್ಟಿ ಆದಮ್ಯಾಲ ಎಲ್ಲಾರೂ ಮೈದಾನದ ನಡುವಿನ ಸುಣ್ಣದ ಚಕ್ರಕ್ಕ ತಿರಗಿ ಬರಬೇಕು. ಚಕ್ರದಾಗ ಈ ಕಡೆಯವ ಒಬ್ಬ, ಆ ಕಡೆಯವ ಒಬ್ಬ. ಸೀಟಿ ಹಿಡದಾಂವ ಇಬ್ಬರ ನಡುವ ಚೆಂಡು ಮ್ಯಾಲ ತೂರತಾನ. ಇಬ್ಬರೂ ಜಿಗೀತಾರ. ಯಾರ ಕೈ ಮುಟ್ಟತದೋ ಅಂವ ತನ್ನವರ ಕಡೆ ಚೆಂಡು ತಳ್ಳತಾನ. ನಾನು ಜಿಗದರ ಎದುರಿನವನ ಕೈ ನನ್ನ ಮೊಣಕೈಗೆ ಬರತಿತ್ತು. ಹಂಗಾಗಿ ನಮ್ಮವರು ಬುಟ್ಟಿ ಹಾಕಿದರೂ ಚೆಂಡು ನಮಗ, ಅವರು ಹಾಕಿದರೂ ಚೆಂಡು ನಮಗ.

ನನಗ ಓಡಾಕ ಬರತಿರಲಿಲ್ಲ, ಒಂದು ಕಾಲು ಇನ್ನೊಂದಕ್ಕ ಸಿಗತಿತ್ತು. ಬುಟ್ಟಿ ಹಾಕಾಕಂತೂ ಇಲ್ಲೇ ಇಲ್ಲ. ನನ್ನ ಕೆಲಸ ಜಿಗಿಯೂದು.

ಉಳಿದ ಹುಡುಗರ ಮನಿಗಳೊಳಗ ನನ್ನ ಸಲುವಾಗಿ ತಕರಾರ ಎದ್ದಿತ್ತು, ಎದ್ದೇ ಏಳತದ. ನಮ್ಮ ಗುಂಪಿನ ಮುಖಂಡ ವೀರಣ್ಣ, ಅಡತಿ ಅಂಗಡಿಯವರ ಮಗ. ಅವನ ತಾಯಿ ಮಡಿ-ಮೈಲಿಗಿಯೊಳಗ ಭಾಳ ಶಿಸ್ತಿನಾಕಿ. ಆಕೀನೇ ಹಾದಿ ಹುಡಕಿದಳಂತ: ಚರ್ಮದ ಚೆಂಡು ಮುಟ್ಟಿ ಬಂದಮ್ಯಾಲ ಹ್ಯಾಂಗೂ ಮಗ ಜಳಕ ಮಾಡಿಯೇ ಒಳಗ ಬರತಾನ, ಚೆಂಡಿಗೂ ಲಂಬ್ಯಾಗೂ ಕೂಡೇ ಒಂದೇ ಜಳಕ ಆತು. ಇದನ್ನ ವೀರಣ್ಣನೇ ನನಗ ನಕ್ಕೋತ ಹೇಳಿದ. ನನಗೂ ನಗು ಬಂತು. ಈಗ ಬರೂದಿಲ್ಲ.

ಆದರ ಆ ವರ್ಷ ನನ್ನ ಜೀವ ಹಿಡದು ನಿಲ್ಲಿಸಿದ್ದು ಅದೇ ಆಟ. ಯಾಕಂತ ಹೇಳತೇನಿ ಕೇಳ್ರಿ. ಬುಟ್ಟಿ ಆದಮ್ಯಾಲ ಎಲ್ಲಾರೂ ನಡುವಿನ ಚಕ್ರಕ್ಕ ನಡಕೋತ ಬರಬೇಕಲ್ಲ, ಆವಾಗ ವೀರಣ್ಣ ನನ್ನ ಬಾಜೂಕ ಬರತಿದ್ದ. ನನ್ನ ಹೆಗಲಿಗೆ ಕೈ ಹಾಕಿ, ತುದಿಗಾಲ ಮ್ಯಾಲ ನಿಂತು, ಕಿವ್ಯಾಗ ಹೇಳತಿದ್ದ: "ಎಡಕ್ಕ ತಳ್ಳಲೇ." ಇಲ್ಲಾ, "ಹಿಂದ ಬಸಣ್ಣ ನಿಂತಾನ, ಅವಂಗ ಕೊಡು." ಇಲ್ಲಾ, "ಆ ಜೋತಾಡೋ ಮೀಸಿಯವ ನಿನ್ನ ಕಾಲು ತುಳೀತಾನ, ಹುಷಾರ." ಎರಡು ಮಾತು, ಮೂರು ಮಾತು. ಎದುರಿನವರಿಗೆ ಕೇಳಬಾರದು ಅಂತ ಬಾಯಿ ಕಿವೀಗೇ ಹಚ್ಚಿ ಹೇಳೂದು. ಅವನ ಉಸರು ಬೆಚ್ಚಗ ಬಡೀತಿತ್ತು. ಇಡೀ ಆಳಂದದಾಗ ನನ್ನ ಹತ್ತಿರ ಬಂದು ಮಾತಾಡೂ ಜೀವ ಅಂದರ ಅದೊಂದೇ, ಅದೂ ಬುಟ್ಟಿ ಆದಾಗ ಅಷ್ಟೇ. ಎದುರಿನವರು ಬುಟ್ಟಿ ಹಾಕಿದರೂ ನನಗ ಒಳಗೊಳಗ ಖುಷಿ ಆಗತಿತ್ತು.

ಆಟ ಮುಗೀತಂದರ ಮುಗೀತು. ಬಾವಿ ಹತ್ತಿರ ಅವರೆಲ್ಲಾ ಕೊಡಪಾನ ಎತ್ತಿ ಕುಡೀತಿದ್ದರು, ನಾನು ಬಗ್ಗಿ ಬೊಗಸಿ ಹಿಡೀತಿದ್ದೆ, ಯಾರರ ಮ್ಯಾಲಿಂದ ಹೊಯ್ಯತಿದ್ದರು. ಮನೀಗೆ ಹೋಗೂ ಹಾದ್ಯಾಗ ಅವರು ಮುಂದ, ನಾ ಹಿಂದ. ಅದೇ ವೀರಣ್ಣ ಹೊಳ್ಳಿ ಸೈತ ನೋಡತಿರಲಿಲ್ಲ. ಚಕ್ರದೊಳಗಿನ ವೀರಣ್ಣ ಬ್ಯಾರೆ, ಹಾದ್ಯಾಗಿನ ವೀರಣ್ಣ ಬ್ಯಾರೆ.

ಸೀಗಿ ಹುಣ್ಣಿವಿ ಮುಗದು, ಮಳಿ ಹಿಂದ ಸರದು, ಮೈದಾನದ ಯರಿಮಣ್ಣು ಗಟ್ಟಿಯಾಗಿ ಚೆಂಡು ಪುಟೀಯೂ ಹೊತ್ತಿಗೆ ಹೈದರಾಬಾದಿನಿಂದ ಹುಕುಂ ಬಂತು. ಈ ವರ್ಷದಿಂದ ಬಾಸ್ಕೆಟ್‌ಬಾಲ್ ಹೊಸಾ ಕಾಯ್ದೆ ಪ್ರಕಾರ ಆಡಸಬೇಕು, ಕಾಯ್ದೆ ಪುಸ್ತಕ ಹಿಂದಿಂದ ಕಳಸತೇವಿ ಅಂತ. ಪುಸ್ತಕ ಬರಲೇ ಇಲ್ಲ. ಹುಕುಂ ಬಂತು, ಕಾಯ್ದೆ ಬರಲಿಲ್ಲ! ಕರೀಂ ಸಾಹೇಬ್ರು ಕಲಬುರ್ಗಿಗೆ ಹೋಗಿ ಕೇಳಿದರು. ಅಲ್ಲಿಯವರು, "ಜೇವರ್ಗಿ ಡ್ರಿಲ್ ಮಾಸ್ತರ ಹೈದರಾಬಾದಿನ ಶಿಬಿರಕ್ಕ ಹೋಗಿ ಬಂದಾನ, ಅವನ್ನ ಕೇಳ್ರಿ" ಅಂದರು. ಜೇವರ್ಗಿ ಮಾಸ್ತರ ಹೇಳಿದ, "ಬುಟ್ಟಿ ಆದಮ್ಯಾಲ ನಡುವ ಬರೂದು ಬಂದ್ ಸಾಹೇಬ್ರ. ಯಾರ ಮ್ಯಾಲ ಬುಟ್ಟಿ ಆಗ್ಯದೋ ಅವರು ತಮ್ಮ ಹಿಂದಿನ ಗೆರಿ ಆಚೆ ನಿಂತು ಚೆಂಡು ಒಗದು ಹಂಗೇ ಆಟ ನಡಸಬೇಕು."

"ನೀ ಕಣ್ಣಿಲೆ ನೋಡೀದಿ?"

"ಆ ದಿನ ನನಗ ಥಂಡಿ ಜ್ವರ ಬಂದಿತ್ರಿ. ಬೀದರದ ಮಾಸ್ತರ ನೋಡ್ಯಾನ, ಅಂವ ಹೇಳಿದ."

ಕರೀಂ ಸಾಹೇಬ್ರು ತಿರಗಿ ಬಂದು ಬೇವಿನ ಗಿಡದ ಬುಡಕ ಕುಂತು ಇದನ್ನ ನಮಗ ಹೇಳಿ ಟೊಪಗಿ ತೆಗದು ತಲಿ ಕೆರಕೊಂಡರು. ಅಲ್ಲಿಂದ ಸುರು ಆತು ನೋಡ್ರಿ ಗೊಂದಲ. ಒಬ್ಬ ಅಂದ, ಜಿಗಿಯೂದು ಆಟದ ಸುರುವಿಗೆ ಒಂದೇ ಸಲ. ಇನ್ನೊಬ್ಬ ಅಂದ, ಎದುರಿನವರ ತಪ್ಪಿಗೆ ಸಿಗೂ ದಂಡದ ಚೆಂಡು ಒಗದಮ್ಯಾಲ ಜಿಗಿಯೂದು ಅದ, ಬುಟ್ಟಿ ಆದಮ್ಯಾಲ ಇಲ್ಲ. ಅಫಜಲಪುರದಿಂದ ಬಂದ ಸುದ್ದಿ ಇನ್ನೂ ಕೆಟ್ಟದ್ದು: ಭಾಳ ಎತ್ತರ ಇದ್ದವರನ್ನ ಇನ್ನ ಆಡಸೂ ಹಂಗೇ ಇಲ್ಲಂತ.

ತಾಲೀಮಿನ್ಯಾಗ ಒಂದು ದಿನ ಹಳೇ ಕಾಯ್ದೆ, ಒಂದು ದಿನ ಹೊಸಾದು. ಹೊಸಾದು ಆಡೂ ದಿನ ನಾ ಎಲ್ಲಿ ನಿಲ್ಲಬೇಕು ಅನ್ನೂದು ಯಾರಿಗೂ ತಿಳೀತಿರಲಿಲ್ಲ, ನನಗಂತೂ ಮೊದಲೇ ಇಲ್ಲ. ಎಲ್ಲಾರೂ ಆ ತುದೀಗೆ ಓಡಿ, ನಾ ಅಲ್ಲಿ ಮುಟ್ಟೂದರೊಳಗ ಈ ತುದೀಗೆ ಬರತಿದ್ದರು. ವೀರಣ್ಣಂಗ ಸಿಟ್ಟು ಬಂತು. "ಸಾಹೇಬ್ರ, ಈ ಲಂಬ್ಯಾನ್ನ ಇಟಗೊಂಡು ಹೊಸಾದು ಆಡೂದು ಹ್ಯಾಂಗ್ರಿ? ಕಂಬಕ್ಕರ ಒಂದು ಬಳಿ ಅದ, ಇಂವ ಅದಕ್ಕೂ ಬರೂದಿಲ್ಲ" ಅಂದ. ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ಕರು. ಖರೇ ಮಾತು ಹೇಳಿದ್ದ, ಅದಕ್ಕೇ ಅಷ್ಟು ಹತ್ತಿತು.

ಆವತ್ತು ದೊಡ್ಡವ್ವ ರೊಟ್ಟಿ ಬಡಿಯೂ ಮುಂದ ಅಂದೆ, "ದೊಡ್ಡವ್ವಾ, ನಡುವ ನಿಂತು ಜಿಗಿಯೂದು ಬಂದ್ ಮಾಡತಾರಂತ."

"ಮಾಡಲಿ ಬಿಡೋ ನನ್ನಪ್ಪಾ. ಕಾಲರ ನೋಯೂದು ತಪ್ಪೀತು" ಅಂದಳು.

ಪಾಪ, ಆಕೀಗೆ ಏನಂತ ಬಿಡಸಿ ಹೇಳೂದು? ನನ್ನ ಕಿವ್ಯಾಗ ಮಾತಾಡೂ ಒಬ್ಬ ಮನುಷ್ಯಾನ್ನ ಕಾಯ್ದೆ ಮಾಡಿ ಕಸಗೊಳ್ಳಾಕತ್ತಾರ ಅಂತ ಹೇಳೂದ? ಉಂಡು ಮಲಗಿದೆ.

ಎಳ್ಳ ಅಮಾಸಿ ಮುಂದ ಮೂರು ತಾಲೂಕಿನ ಆಟ ಅಫಜಲಪುರದಾಗ ಇಟ್ಟರು. ಗೆದ್ದವರು ಕಲಬುರ್ಗಿಯ ಜಿಲ್ಲಾ ಆಟಕ್ಕ ಹೋಗೂದು. ಪೆಟ್ರೋಲ್ ಸಿಗದ ಕಾಲ, ಬಸ್ಸು ಇದ್ದಲಿ ಹೊಗೀಲೆ ಓಡತಿತ್ತು. ಏರು ಬಂದಲ್ಲೆಲ್ಲಾ ಇಳದು ದಬ್ಬೂದು. ದಬ್ಬೂ ಮುಂದ ನಮ್ಮ ಭುಜಕ್ಕ ಭುಜ ಹತ್ತತಿತ್ತು, ಆವಾಗ ಯಾರೂ ಏನೂ ಅನ್ನಲಿಲ್ಲ. ಒಳಗ ಹತ್ತಿದಮ್ಯಾಲ ನಾ ಹಿಂದ ಚೆಂಡಿನ ಚೀಲದ ಮ್ಯಾಲ ಕುಂತೆ. ಹಾದಿಗುಂಟ ಎರಡೂ ಕಡೆ ಬಿಳಿಜ್ವಾಳ ತೆನಿ ಬಿಟ್ಟು ನಿಂತಿತ್ತು, ಗಾಳಿ ಥಣ್ಣಗ ಇತ್ತು.

ಅಫಜಲಪುರದ ಅರ್ಧ ಹುಡುಗರು ಜ್ವರ ಹಿಡದು ಮಲಗಿದ್ದರು, ಹಂಗಾಗಿ ಅವರು ಆಡಲಿಲ್ಲ. ನಮಗೂ ಜೇವರ್ಗಿಯವರಿಗೂ ಒಂದೇ ಆಟ, ಸೀಟಿ ಅಫಜಲಪುರದ ಮಾಸ್ತರಂದು. ಅಂವ ಹಗರ ಮನಶ್ಯಾ, ಯಾರ ಜೋಡೀನೂ ನಿಷ್ಠುರ ಬ್ಯಾಡ ಅನ್ನಾಂವ. ಆಟಕ್ಕ ಮುಂಚೆ ಮೂರೂ ಮಾಸ್ತರರು ಕಟ್ಟಿ ಮ್ಯಾಲ ಕುಂತರು. ಜೇವರ್ಗಿಯವ ಹೊಸಾ ಕಾಯ್ದೆ ಅಂತಾನ, ಕರೀಂ ಸಾಹೇಬ್ರು "ಪುಸ್ತಕ ತೋರ್ಸು, ಆಮ್ಯಾಲ ಮಾತಾಡು" ಅಂತಾರ, ಅಫಜಲಪುರದವ ಇಬ್ಬರಿಗೂ "ಹೌದ್ರಿ, ಹೌದ್ರಿ" ಅಂತಾನ. ಹೊತ್ತು ಏರಾಕತ್ತಿತು. ಆಟ ನೋಡಾಕ ಮಣ್ಣೂರ ಕಡೆಯ ಒಬ್ಬ ಗೌಡರು ಬಂದಿದ್ದರು, ಸುತ್ತ ಹಳ್ಳ್ಯಾಗ ನ್ಯಾಯ ಬಗಿಹರಸೂ ಹಿರೇಮನಶ್ಯಾರು. ಅವರಿಗೆ ತಾಳ್ಮಿ ತಪ್ಪಿತು.

"ಏನ್ ನಡಸೀರಿ ಮಾಸ್ತರ? ಹುಡುಗರು ಬಿಸಲಾಗ ನಿಂತಾವ."

ಇಬ್ಬರ ಮಾತೂ ಕೇಳಿಕೊಂಡರು. "ಬದುವಿನ ತಂಟಿ ಬಂದಾಗ ನಾವು ಏನ್ ಮಾಡತೇವಿ? ನಡುವ ಕಲ್ಲು ನೆಡತೇವಿ. ಅರ್ಧ ಆಟ ಹಳೇ ಕಾಯ್ದೆ, ಅರ್ಧ ಆಟ ಹೊಸಾದು. ಇಬ್ಬರಿಗೂ ಅನ್ಯಾಯ ಇಲ್ಲ. ಏಳ್ರಿ ಇನ್ನ."

ಎಲ್ಲಾರಿಗೂ ಸಮಾಧಾನ ಆತು! ಮೂರೂ ಮಾಸ್ತರರು ಎದ್ದು ಕೈ ಕೈ ಹಿಡದರು. ಲೋಕದಾಗ ಎಲ್ಲೂ ಇಲ್ಲದ ಆಟ, ಅರ್ಧಕ್ಕೊಂದು ಕಾಯ್ದೆ. ನಮ್ಮ ಸೀಮಿಯೊಳಗ ಬಿಟ್ಟರ ಇಂಥಾ ನ್ಯಾಯ ಇನ್ನೆಲ್ಲಿ ಸಿಗತದ ಹೇಳ್ರಿ? ಕರೀಂ ಸಾಹೇಬ್ರು ನಮ್ಮ ಕಡೆ ಬಂದು, "ಮೊದಲನೇ ಅರ್ಧ ಲಂಬ್ಯಾ ಜಿಗೀಲಿ. ಎರಡನೇದಕ್ಕ ನೋಡೂನು" ಅಂದರು. ನೋಡೂನು ಅಂದರ ಏನಂತ ನನಗ ಗೊತ್ತಿತ್ತು.

ಮೊದಲನೇ ಅರ್ಧ ನಾ ಹ್ಯಾಂಗ ಜಿಗದೆ ಅಂತೀರಿ! ಆವತ್ತಿನಷ್ಟು ಎತ್ತರಕ್ಕ ಹಿಂದ ಜಿಗದಿಲ್ಲ, ಮುಂದೂ ಜಿಗೀಲಿಲ್ಲ. ಒಂದು ಚೆಂಡು ಸೈತ ಜೇವರ್ಗಿಯವರ ಕೈಗೆ ಹೋಗಗೊಡಲಿಲ್ಲ. ಪ್ರತಿ ಬುಟ್ಟಿಗೂ ವೀರಣ್ಣ ಹೆಗಲಿಗೆ ಕೈ ಹಾಕಿದ, ಕಿವ್ಯಾಗ ಹೇಳಿದ: "ಬಲಕ್ಕ." "ಹಿಂದ." "ಶಾಬಾಶ್ ಲೇ ಲಂಬ್ಯಾ, ಮತ್ತ ಬಲಕ್ಕೇ." ನಾವು ಭಾಳ ಮುಂದ ಹೋದಿವಿ. ಮಂದಿ ಸಿಳ್ಳಿ ಹಾಕಾಕತ್ತಿದರು. ಅರ್ಧ ಆಟದ ಸೀಟಿ ಆಗಬಾರದು, ಹಿಂಗೇ ಹೊತ್ತು ನಿಂದರಬೇಕು ಅಂತ ಅನಿಸಿತು ನನಗ. ಆದರ ಸೀಟಿ ಆತು.

ಎರಡನೇ ಅರ್ಧಕ್ಕ ಕರೀಂ ಸಾಹೇಬ್ರು ನನ್ನ ತೆಗೀಲಿಲ್ಲ. ಮನಸಾಗಲಿಲ್ಲೋ, ಧೈರ್ಯ ಬರಲಿಲ್ಲೋ. ಸುರುವಿನ್ಯಾಗೇ ಬಸಣ್ಣ ಬುಟ್ಟಿ ಹಾಕಿದ. ಚಪ್ಪಾಳಿ ಬಿತ್ತು. ನಾವು ಐದೂ ಮಂದಿ ದಿನದ ರೂಢಿಯಂಗ ಬೆನ್ನು ತಿರಗಿಸಿ ನಡುವಿನ ಚಕ್ರಕ್ಕ ನಡಕೋತ ಬಂದಿವಿ. ಜೇವರ್ಗಿಯ ಹುಡುಗ ಹಿಂದಿನ ಗೆರಿ ಆಚೆ ನಿಂತು ಚೆಂಡು ಒಗದ. ಇನ್ನೊಬ್ಬ ಹಿಡದು ಓಡಿದ. ನಮ್ಮ ಬಾಜೂದಿಂದಾನೇ ಹೋದ! ಬುಟ್ಟಿ. ಮಂದಿ ಕೇಕಿ ಹೊಡದು ನಕ್ಕಿತು. ವೀರಣ್ಣ "ಓಡ್ರಲೇ, ಓಡ್ರಿ" ಅಂತ ಒದರಿದ, ನಾಕೂ ಮಂದಿ ಓಡಿದರು. ನಾನು ಮಾತ್ರ ಚಕ್ರದಾಗ ಕಾಲು ಕೂಡಿಸಿ ನಿಂತಿದ್ದೆ, ಜಿಗಿಯಾಕ ತಯಾರಾಗಿ. ಮಂದಿ ಇನ್ನೂ ನಗಾಕತ್ತಿತು, ಈ ಸಲ ನನ್ನೊಬ್ಬನ್ನ ನೋಡಿ. ಅಫಜಲಪುರದ ಮಾಸ್ತರ ಬ್ಯಾರೆ, ಹಳೇ ರೂಢಿಲೆ ಚೆಂಡು ಹಿಡಕೊಂಡು ಚಕ್ರಕ್ಕ ಬಂದು, ನೆನಪಾಗಿ, "ಅಯ್ಯಯ್ಯ, ಇಲ್ಲಿಲ್ಲ" ಅಂತ ತಿರಗಿ ಹೋದ.

ಆಮ್ಯಾಲ ಕರೀಂ ಸಾಹೇಬ್ರು ಕೈ ಮಾಡಿ ನನ್ನ ಹೊರಗ ಕರದರು. ನನ್ನ ಜಾಗಾಕ್ಕ ಒಬ್ಬ ಗಿಡ್ಡ ಚುರುಕಿನ ಹುಡುಗ ಹೋದ. ನಾನು ಗೆರಿ ಆಚೆ ಕುಂತು ಮೊಣಕಾಲೊಳಗ ಮಾರಿ ಇಟ್ಟೆ. ಅಳು ಬಂತು, ಅತ್ತೆ. ಯಾರೂ ನೋಡಲಿಲ್ಲ.

ಎಷ್ಟೊತ್ತು ಅಳೂದು? ತಲಿ ಎತ್ತಿ ಆಟ ನೋಡಾಕತ್ತಿದೆ. ಅಲ್ಲೀತನಕ ಆ ಆಟಾನ್ನ ನಾ ಹೊರಗ ಕುಂತು ನೋಡಿರಲೇ ಇಲ್ಲ. ಜೇವರ್ಗಿಯ ಹುಡುಗರು ಎಷ್ಟು ಛಲೋ ಆಡತಿದ್ದರಂತೀರಿ! ಮೊದಲನೇ ಅರ್ಧದಾಗ ಇದೇ ಹುಡುಗರು ಕೈ ಕಟಗೊಂಡು ನಿಂತಂಗ ನಿಂತಿದ್ದರು. ಆಟ ಬರತಿರಲಿಲ್ಲ ಅಂತಲ್ಲ, ಚೆಂಡೇ ಸಿಗತಿರಲಿಲ್ಲ. ಸಿಗಗೊಡದಾಂವ ನಾನು. ಈಗ ಬುಟ್ಟಿ ಬಿಟ್ಟುಕೊಟ್ಟವರಿಗೇ ಮೊದಲು ಚೆಂಡು. ಸೋತವರಿಗೆ ಒಂದು ಪಾಳಿ. ಇದನ್ನ ಮಾಡಿದಾಂವ ಎಲ್ಲೀ ಮನಶ್ಯಾನೋ, ಯಾವ ದೇಶದಾಂವೋ, ಅವನಿಗೆ ಚೆಂಡು ಸಿಗದವರ ಸಂಕಟ ಗೊತ್ತಿತ್ತು ಅಂತ ನನಗ ಅನಿಸಿತು. ನನಗ ಗೊತ್ತಿಲ್ಲದ ಸಂಕಟ ಏನು ಅದು? ಹುಟ್ಟಿದಾಗಿಂದ ಗೆರಿ ಆಚೆ ಕುಂತಾಂವ ನಾನು.

ನಾವು ಸೋತಿವಿ. ತಿರಗಿ ಬರೂ ಬಸ್ಸಿನ್ಯಾಗ ವೀರಣ್ಣ ಕಿಡಕಿ ಹೊರಗ ನೋಡಿಕೊಂಡು, "ಪೂರಾ ಹಳೇ ಕಾಯ್ದೆ ಇದ್ದಿದ್ದರ ಕಲಬುರ್ಗಿಗೆ ಹೋಗತಿದ್ದಿವಿ. ಆ ಗೌಡಪ್ಪ ಕೆಡಸಿದ" ಅಂದ. ಒಂದು ಏರಿನ್ಯಾಗ ಬಸ್ಸು ನಿಂತಾಗ, ದಬ್ಬಿ ದಮ್ಮು ಹತ್ತಿ, ನಾನೂ ಕರೀಂ ಸಾಹೇಬ್ರೂ ಹಿಂದ ಉಳದಿವಿ. ನಾ ಅಂದೆ, "ಸಾಹೇಬ್ರ, ಆ ಹೊಸಾ ಕಾಯ್ದೆ ಖರೇ ಅದರಿ."

"ಪುಸ್ತಕ ಬಂದಿಲ್ಲಲೋ, ಖರೇನೋ ಸುಳ್ಳೋ ಯಾರಿಗೆ ಗೊತ್ತು?"

"ಹಂಗಲ್ರಿ. ಬಂದರೂ ಬರದಿದ್ದರೂ ಅದು ನ್ಯಾಯದ್ದು."

ಅವರು ನಿಂತು ನನ್ನ ಮಾರಿ ನೋಡಿದರು. "ಅದು ನ್ಯಾಯ ಆದರ ನೀ ಎಲ್ಲಿ ಹೋಗತೀ ಹುಚ್ಚಪ್ಯಾ?" ಅಂದರು.

ಆಳಂದದಾಗ ತಾಲೀಮು ಮತ್ತ ಸುರು ಆತು, ಬರೂ ವರ್ಷದ ಸಲುವಾಗಿ. ನನಗ ಬಾ ಅಂತ ಯಾರೂ ಅನ್ನಲಿಲ್ಲ, ಬರಬ್ಯಾಡ ಅಂತಲೂ ಅನ್ನಲಿಲ್ಲ. ನಾ ಹೋಗಿ ಗೆರಿ ಆಚೆ ಕೂಡತಿದ್ದೆ, ಚೆಂಡಿಗೆ ಎಣ್ಣಿ ತಿಕ್ಕತಿದ್ದೆ. ಪುಸ್ತಕ ಇನ್ನೂ ಬಂದಿರಲಿಲ್ಲ. ದಿನಾ ಜಗಳ. ಬುಟ್ಟಿ ಹಾಕಿದವರು ನಡುವ ಬರೂನು ಅಂತಾರ, ಹಾಕಿಸಿಕೊಂಡವರು ಹಿಂದಿಂದ ಒಗೀತೇವಿ ಅಂತಾರ. ಕರೀಂ ಸಾಹೇಬ್ರಿಗೆ ಸಾಕಾಗಿಹೋತು. ಒಂದು ಸಂಜೀಕ ಆಟದ ನಡುವ ಸೀಟಿ ಊದಿ ಎಲ್ಲಾರನ್ನೂ ನಿಲ್ಲಿಸಿದರು.

"ನನ್ನಿಂದ ಆಗೂದಿಲ್ಲ. ಮರೆಪ್ಪಾ, ಬಾ ಇಲ್ಲಿ."

ಲಂಬ್ಯಾ ಅನ್ನಲಿಲ್ಲ. ಎದ್ದು ಹೋದೆ. ಅವರು ತಾವು ಈಗಷ್ಟೇ ಊದಿದ ಸೀಟಿ ಕೊಳ್ಳಿಂದ ತೆಗದು ನನ್ನ ಮುಂದ ಹಿಡದರು. ಅದಕ್ಕ ಅವರ ಎಂಜಲ ಹತ್ತಿತ್ತು, ಸಂಜಿ ಬಿಸಲಿಗೆ ಮಿಂಚತಿತ್ತು. ಒರಸಲಿಲ್ಲ ಅವರು.

"ಊದು."

"ಸಾಹೇಬ್ರ!" ಅಂದ ವೀರಣ್ಣ. "ಅಂವ ಊದಿದಮ್ಯಾಲ ನೀವು ಹ್ಯಾಂಗ..."

"ನಾ ಹ್ಯಾಂಗ ಅನ್ನೂದು ನಾ ನೋಡಕೋತೇನಿ" ಅಂದರು ಕರೀಂ ಸಾಹೇಬ್ರು. "ಇಂವ ಅಫಜಲಪುರದಾಗ ಆಟ ನೋಡ್ಯಾನ, ನೀವು ಬರೇ ಆಡೀರಿ. ಇವತ್ತಿಂದ ಇಂವ ಹೇಳಿದ್ದು ಕಾಯ್ದೆ."

ಮನ್ಯಾಗ ಅವ್ವನ ಹೊರತು ಯಾರ ಎಂಜಲವೂ ನನ್ನ ಬಾಯಿಗೆ ಬಂದಿರಲಿಲ್ಲ, ನನ್ನದು ಯಾರ ಬಾಯಿಗೂ ಹೋಗಿರಲಿಲ್ಲ. ಸೀಟಿ ಬಾಯಾಗ ಇಟಗೊಂಡೆ. ಬೀಡಿ ವಾಸನಿ, ಬೆಚ್ಚಗ ಇತ್ತು. ಊದಿದೆ. ಧ್ವನಿ ಎಷ್ಟು ಜೋರ ಬಂತಂದರ ನಾನೇ ಬೆಚ್ಚಿದೆ. ಆಟ ಸುರು ಆತು.

ಎದುರಿನ ಗುಂಪಿನಾಂವ ಒಬ್ಬ ವೀರಣ್ಣನ ಗುಂಪಿನ ಮ್ಯಾಲ ಬುಟ್ಟಿ ಹಾಕಿದ. ಎಲ್ಲಾರೂ ನಿಂತರು. ನಡುವ ಬರಬೇಕೋ, ಹಿಂದಿಂದ ಒಗೀಬೇಕೋ? ಎಲ್ಲಾರ ಕಣ್ಣೂ ನನ್ನ ಮ್ಯಾಲ. ಕರೀಂ ಸಾಹೇಬ್ರು ಬೇಕಂತಲೇ ಆ ಕಡೆ ಮಾರಿ ಮಾಡಿ ನಿಂತರು. ವೀರಣ್ಣ ನನ್ನ ಹತ್ತಿರ ಬಂದ. ಎಷ್ಟೋ ದಿನದ ಮ್ಯಾಲ ಹೆಗಲಿಗೆ ಕೈ ಹಾಕಿದ, ತುದಿಗಾಲ ಮ್ಯಾಲ ನಿಂತು ಕಿವ್ಯಾಗ ಹೇಳಿದ:

"ಹಳೇದು ಅನ್ನಲೇ ಲಂಬ್ಯಾ. ಈ ಚೆಂಡು ನಮಗ ಸಿಗದಿದ್ದರೂ ಚಿಂತಿಲ್ಲ. ನೀ ಹಳೇದು ಅಂದರ ನಾಳಿಂದ ಚಕ್ರದಾಗ ನೀನಽ. ನನ್ನ ಮಾತಿನ ಮ್ಯಾಲ ನಂಬಿಗಿ ಇಡು."

ಯಪ್ಪಾ, ಆ ಉಸರು! ಅಷ್ಟು ಹತ್ತಿರ ಯಾರೂ ಬರದೇ ಎಷ್ಟೋ ದಿನ ಆಗಿತ್ತು. ಹಳೇದು ಅಂದರ ಯಾರು ಕೇಳೋರು? ಪುಸ್ತಕ ಇಲ್ಲ, ಸಾಕ್ಷಿ ಇಲ್ಲ. ಒಂದು ಮಾತು ಅಂದರ ನನ್ನ ಜಾಗಾ ನನಗ, ನನ್ನ ಗೆಣೆಯ ನನಗ. ಸೀಟಿ ಹಲ್ಲಾಗ ಕಚ್ಚಿ ಹಿಡದಿದ್ದೆ. ನಾ ದೊಡ್ಡ ಮನಶ್ಯಾ ಆಗಿ ಮಾಡಿದೆ ಅಂತ ತಿಳೀಬ್ಯಾಡ್ರಿ, ಅರ್ಧ ಸಿಟ್ಟು ಇತ್ತು. ಅರ್ಧ ಏನಿತ್ತಂದರ, ಆ ಜೇವರ್ಗಿ ಹುಡುಗರು ಮೊದಲನೇ ಅರ್ಧದಾಗ ಖಾಲಿ ಕೈಲೆ ನಿಂತದ್ದು ನನ್ನ ಕಣ್ಣಾಗ ಇತ್ತು.

ಕೈ ಎತ್ತಿ ಹಿಂದಿನ ಗೆರಿ ತೋರಿಸಿದೆ. "ಹಿಂದಿಂದ ಒಗೀರಿ" ಅಂದೆ.

ವೀರಣ್ಣನ ಕೈ ಹೆಗಲ ಮ್ಯಾಲಿಂದ ಇಳೀತು. ಅಂವ ಗೆರಿ ಆಚೆ ಹೋಗಿ ಚೆಂಡು ಒಗದ, ಎಲ್ಲಾರೂ ಆ ತುದೀಗೆ ಓಡಿದರು. ನಾ ಸಾಲಿ ಬಿಡೂ ತನಕ ಅವರ ಆಟಕ್ಕೆಲ್ಲಾ ನಾನೇ ಸೀಟಿ ಊದಿದೆ; ಊದಿದಾಗೆಲ್ಲಾ ಅವರು ನಿಂತರು, ತೋರಿಸಿದ ಕಡೆ ಹೋದರು. ನನ್ನ ಕಿವ್ಯಾಗ ಮಾತ್ರ ವೀರಣ್ಣ ಮತ್ತ ಯಾವತ್ತೂ ಏನೂ ಹೇಳಲಿಲ್ಲ.